ಹರಿಹರಕ್ಕೆ ಹೋದ ಪೆನ್ಸಿಲ್ ಚಿತ್ರ

ಹರಿಹರದ ಗಂಡಿನ ಕಡೆಯವರು ಹುಡುಗಿಯ ಫೋಟೋ ಕೇಳಿ ಕಳಿಸಿದಾಗ ಅಪ್ಪ ಸುತರಾಂ ಒಪ್ಪಲಿಲ್ಲ. ದಾವಣಗೆರೆಯ ಸ್ಟುಡಿಯೋದವರು ಚೆನ್ನಾಗಿ ಬಂದ ಫೋಟೋಗಳನ್ನು ಬೀದಿಗೆ ಕಾಣುವ ಹಾಗೆ ಗಾಜಿನ ಹಿಂದೆ ತೂಗುಹಾಕುತ್ತಾರೆ, ಮಿಲ್ಲು ಬಿಡುವ ಹೊತ್ತಿಗೆ ಜನ ನಿಂತು ನೋಡುತ್ತಾರೆ ಎಂಬುದು ಅವರ ಭಯ. ನನ್ನ ಫೋಟೋ ಚೆನ್ನಾಗಿಯೇ ಬರುತ್ತದೆ ಎಂಬ ಅವರ ನಂಬಿಕೆಗೆ ನಾನು ಋಣಿ. ಕೊನೆಗೆ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದ ಅಣ್ಣನೇ ಪೆನ್ಸಿಲ್ಲಿನಲ್ಲಿ ನನ್ನ ಚಿತ್ರ ಬರೆಯುವುದೆಂದಾಯಿತು.

ಅಣ್ಣನಿಗೆ ಆಗ ಪ್ರಿ-ರಾಫೆಲೈಟ್ ಹುಚ್ಚು. ಮುಂಬಯಿಯಿಂದ ತಂದ ಹಳೆಯ ಪುಸ್ತಕವೊಂದರಲ್ಲಿ ಆ ಇಂಗ್ಲಿಷ್ ಚಿತ್ರಕಾರರು ಬರೆದ ಹೆಂಗಸರಿದ್ದರು: ಉದ್ದ ಕತ್ತು, ಬಿಚ್ಚಿದ ರಾಶಿ ಕೂದಲು, ಯಾರೋ ಸತ್ತ ಸುದ್ದಿ ಬಂದಂಥ ಮುಖ. ನನ್ನ ಜಡೆ ಬಿಚ್ಚಿಸಿ ಹಿತ್ತಲಲ್ಲಿ ಕೂರಿಸಿದ. ಎಸ್ಸೆಸ್ಸೆಲ್ಸಿ ಪಾಸಾದವಳನ್ನು ಕಾಲೇಜಿಗೆ ಕಳಿಸುವುದಿಲ್ಲವೆಂದು ಅಪ್ಪ ಹಿಂದಿನ ದಿನವಷ್ಟೇ ಹೇಳಿದ್ದರು. ಅತ್ತು ಅತ್ತು ನನ್ನ ಕಣ್ಣು ಊದಿದ್ದವು. ಅಣ್ಣನಿಗೆ ಅದು ಬಹಳ ಅನುಕೂಲವಾಯಿತು.

ಚಿತ್ರ ನೋಡಿ ಅವ್ವ ಹೌಹಾರಿದಳು. "ಏನೋ ಇದು, ಕೂದ್ಲ ಬಿಟ್ಕಂಡು ದೆವ್ವ ಬಡದೋಳಂಗೆ ಐತೆ! ಹಣೆಗೆ ಕುಂಕುಮಾನೂ ಇಲ್ಲ."

ಅಣ್ಣ ಗೊಣಗುತ್ತ ಕುಂಕುಮ ಇಟ್ಟ, ಮಲ್ಲಿಗೆ ಮುಡಿಸಿದ. ಅಪ್ಪ ಹೇಳಿದರೆಂದು ಕೊರಳಿಗೆ ಎರಡೆಳೆ ಸರವನ್ನೂ ಹಾಕಿದ. ಅಂಥ ಸರ ನಮ್ಮ ಮನೆಯಲ್ಲಿ ಇರಲೇ ಇಲ್ಲ. "ಕಣ್ಣು ಮಾತ್ರ ಮುಟ್ಟಂಗಿಲ್ಲ," ಎಂದ. "ಆ ವಿಷಾದ ಐತಲ್ಲ, ಅದನ್ನ ತರಾಕೆ ವಿಲಾಯಿತಿಯೋರೇ ತಿಣುಕಾಡ್ಯಾರೆ." ವಿಷಾದ ಎಲ್ಲಿಂದ ಬಂತೆಂದು ಅವನು ನನ್ನನ್ನು ಕೇಳಲಿಲ್ಲ. ಆ ಸಿಟ್ಟು ನನಗೆ ಇವತ್ತಿಗೂ ಹೋಗಿಲ್ಲ.

ಚಿತ್ರ ಹರಿಹರಕ್ಕೆ ಹೋಯಿತು. ಅದನ್ನು ಹಿಡಿದುಕೊಂಡು ಒಂದು ಭಾನುವಾರ ಅವರೇ ಬಂದರು. ಉಪ್ಪಿಟ್ಟು ಮುಗಿಸಿ ಗಂಡಸರು ಹತ್ತಿಯ ಧಾರಣೆಯ ಮಾತಿಗೆ ಇಳಿದರು. ಗಂಡಿನ ತಾಯಿ ಮಾತ್ರ ಒಮ್ಮೆ ಚಿತ್ರವನ್ನು, ಒಮ್ಮೆ ನನ್ನನ್ನು ನೋಡುತ್ತ ಕೂತಿದ್ದರು.

"ಯಾಕವ್ವ, ನಿನಗೆ ಈ ಮದುವಿ ಬ್ಯಾಡೇನು?" ಎಂದರು.

ನಾನು ಬಾಯಿ ತೆರೆದೆ. ಕಾಲೇಜಿನ ಮಾತು ಇನ್ನೇನು ಹೊರಬರಬೇಕು, ಅಷ್ಟರಲ್ಲಿ ಅಣ್ಣ ನಕ್ಕು, "ಅದು ಇಂಗ್ಲಿಷ್ ಶೈಲಿ ರೀ. ಅಲ್ಲಿ ಹೆಂಗಸರ್ನ ಹಂಗೇ ಬರೀತಾರೆ, ದುಃಖದಾಗೆ ಇದ್ದಂಗೆ," ಎಂದ. ಎಲ್ಲರಿಗೂ ಸಮಾಧಾನವಾಯಿತು.

"ಇಲ್ಲೂ ಹಂಗೇ ಇರ್ತಾರಪ್ಪ, ಯಾರೂ ಬರಿಯಲ್ಲ ಅಷ್ಟೇ," ಎಂದರು ಗಂಡಿನ ತಾಯಿ. ಆಮೇಲೆ ಎದ್ದು ಬಂದು, ನನಗೆ ಹೂ ಮುಡಿಸಿ ಮದುವೆ ಗಟ್ಟಿ ಮಾಡಿದರು.