ಅರವತ್ತೆರಡು ಸೆಂಟು ಮಳೆ

ಗೋಣಿಬೀಡಿನಲ್ಲಿ ಮಳೆ ಬಂದ ಮಾರನೇ ಬೆಳಿಗ್ಗೆ ಯಾರೂ ತಿಂಡಿ ಆಯ್ತಾ ಎಂದು ಕೇಳುವುದಿಲ್ಲ. ನಿಮ್ಮಲ್ಲಿ ಎಷ್ಟು ಸೆಂಟು ಎಂದು ಕೇಳುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ಮೂವತ್ತೊಂದು ವರ್ಷ ಆ ಪ್ರಶ್ನೆ ಬಂದು ನಿಲ್ಲುತ್ತಿದ್ದದ್ದು ದಿನಸಿ ಅಂಗಡಿಯ ಗುರುವಯ್ಯನ ಮುಂದೆ.

ಗುರುವಯ್ಯ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅಂಗಡಿಯ ಹಿಂದೆ, ಮರದ ಹನಿ ಬೀಳದ ಜಾಗ ನೋಡಿ, ಮಳೆಮಾಪಕ ನಿಲ್ಲಿಸಿದ್ದ. ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ನೀರನ್ನು ಅಳತೆ ಗ್ಲಾಸಿಗೆ ಸುರಿದು ನೋಡುತ್ತಿದ್ದ. ಗೋಡೆಯ ಪಂಚಾಂಗದ ಕ್ಯಾಲೆಂಡರಿನಲ್ಲಿ, ಆ ದಿನದ ತಿಥಿ ನಕ್ಷತ್ರದ ಪಕ್ಕ, ಅಂಕಿ ಬರೆಯುತ್ತಿದ್ದ. ಮುಗಿದ ಕ್ಯಾಲೆಂಡರನ್ನು ಒಂದು ವರ್ಷವೂ ಬಿಸಾಡಲಿಲ್ಲ. ಯಾವ ವರ್ಷ ಶಿವರಾತ್ರಿಗೇ ಮಳೆ ಬಂತು, ಯಾವ ವರ್ಷ ಆರಿದ್ರಾ ಮಳೆ ಕೈಕೊಟ್ಟಿತು, ಎಲ್ಲ ಬಾಯಲ್ಲೇ ಇತ್ತು. ಊರಿನವರು ಅವನನ್ನು ಪಂಚಾಂಗ ಎಂದೇ ಕರೆಯುತ್ತಿದ್ದರು. ಅವನಿಗೆ ಅದಕ್ಕಿಂತ ದೊಡ್ಡ ಹೆಸರು ಬೇಕಿರಲಿಲ್ಲ.

ಹೋದ ವರ್ಷ ಎದುರುಗಡೆ ತನುಜಾ ಗೊಬ್ಬರದ ಅಂಗಡಿ ತೆರೆದಳು. ಮಾಡಿನ ಮೇಲೆ ಒಂದು ಮಷಿನ್ ಇಟ್ಟಳು. ಮಳೆಯ ಲೆಕ್ಕ ತಾನಾಗಿಯೇ ಅವಳ ಮೊಬೈಲಿಗೆ ಬರುತ್ತಿತ್ತು. ಬಾಗಿಲಲ್ಲಿ ಕಪ್ಪು ಹಲಗೆ. ಏಳು ಗಂಟೆಗೇ ಅದರ ಮೇಲೆ ಮಳೆ ಎಷ್ಟೆಂದು ಬರೆಯುವಳು, ಕೆಳಗೆ ದಿನಕ್ಕೊಂದು ವಿಶೇಷ. ಒಂದು ದಿನ ಹೀಗೆ ಬರೆದಿದ್ದಳು: ಎಕರೆಗೆ ಒಂದು ಇಂಚು ಮಳೆ ಬಿದ್ದರೆ ಅದು ಒಂದು ಲಕ್ಷ ಲೀಟರಿಗೂ ಹೆಚ್ಚು ನೀರು.

"ಲಕ್ಷ ಲೀಟರಂತೆ ಮಾರಾಯ!" ಎಂದು ಕೂಗಿದವನು ಕಲ್ಲೇಶ. ನಾಲ್ಕೆಕರೆ ರೊಬಸ್ಟಾ ಕಾಫಿ ತೋಟದವನು, ಗುರುವಯ್ಯನ ಹಳೇ ಗಿರಾಕಿ.

ಅಕ್ಕಿ ತೂಗುತ್ತಿದ್ದ ಗುರುವಯ್ಯ ಅಲ್ಲೇ ನಿಂತುಬಿಟ್ಟ. ಇಷ್ಟು ವರ್ಷ ಅಳೆದರೂ ಆ ಲೆಕ್ಕ ತನಗೆ ಹೊಳೆದಿರಲಿಲ್ಲ. ಅವಳ ಮೇಲೆ ಹೊಟ್ಟೆ ಉರಿಯಲು ಶುರುವಾಗಿದ್ದು ಅವತ್ತೇ.

"ಆ ಹಲಗೆ ನೋಡ್ತಾ ಕಾಲು ಕೆಜಿ ಜಾಸ್ತಿ ಹಾಕಿದೀರಿ," ಎಂದಳು ಹೆಂಡತಿ ಗಿರಿಜಾಂಬಾ.

"ನಾನ್ಯಾಕೆ ನೋಡ್ಲಿ? ನೋಡೋಕೆ ಅದೇನು ದೇವ್ರ ಪಟವಾ?"

ಮಾರ್ಚಿನಲ್ಲಿ ಒಂದು ಸಂಜೆ ಗುಡುಗಿ ಹೂಮಳೆ ಬಂತು. ಈ ಮಳೆಯಲ್ಲಿ ಸೆಂಟಿನ ಲೆಕ್ಕ ಆಟವಲ್ಲ. ಒಂದು ಇಂಚು ಆದರೆ ಕಾಫಿ ಮೊಗ್ಗು ಚೆನ್ನಾಗಿ ಅರಳುತ್ತದೆ. ಕಡಿಮೆಯಾದರೆ ಕೂಡಲೇ ಸ್ಪ್ರಿಂಕ್ಲರಿನಲ್ಲಿ ನೀರು ಕೊಡಬೇಕು. ಇಲ್ಲದಿದ್ದರೆ ಮೊಗ್ಗು ಅರೆಬರೆ ಅರಳಿ ಕರಟಿ, ಆ ವರ್ಷದ ಫಸಲೇ ಹೋಗುತ್ತದೆ.

ಬೆಳಿಗ್ಗೆ ಗುರುವಯ್ಯನ ಗ್ಲಾಸಿನಲ್ಲಿ ಅರವತ್ತೆರಡು ಬಂತು. ಹೊರಗೆ ಬಂದು ನೋಡಿದರೆ ಹಲಗೆಯ ಮುಂದೆ ಏಳೆಂಟು ಜನ. ಹಲಗೆಯಲ್ಲಿ ಅರವತ್ನಾಲ್ಕು.

"ಏನ್ ಪಂಚಾಂಗ, ಇನ್ನೂ ಅಳೀತಾ ಇದ್ರಾ? ಮೇಡಂ ಆಗ್ಲೇ ಹೇಳಿ ಆಯ್ತು," ಎಂದ ಕಲ್ಲೇಶ. ಎಲ್ಲರೂ ನಕ್ಕರು.

"ನನ್ನಲ್ಲಿ ಒಂದು ಇಂಚು ನಾಲ್ಕು ಸೆಂಟು," ಎಂದುಬಿಟ್ಟ ಗುರುವಯ್ಯ. "ಮಷಿನ್ನಿಗೆ ಏನ್ ಗೊತ್ತು?"

ನಗು ನಿಂತಿತು. ಗುರುವಯ್ಯ ತಪ್ಪು ಅಳೆದಿದ್ದನ್ನು ಯಾರೂ ಕಂಡಿರಲಿಲ್ಲ.

"ಬದುಕಿದೆ. ಕೆರೇಲಿ ನೀರು ತಳ ಕಂಡಿದೆ. ಸ್ಪ್ರಿಂಕ್ಲರ್ ಪೈಪು ತೆಗೆಸ್ತೀನಿ," ಎಂದು ಕಲ್ಲೇಶ ಬೈಕ್ ಹತ್ತಿದ.

ತನುಜಾ ಬಟ್ಟೆ ತಂದು ತನ್ನ ಅಂಕಿ ಒರೆಸಿದಳು. "ನಮ್ದು ಹೊಸಾ ಮಷಿನ್. ಗುರುವಣ್ಣಂದೇ ಸರಿ ಇರ್ಬೇಕು," ಎಂದು ಅವನ ಅಂಕಿ ಬರೆದಳು. ಗುರುವಯ್ಯನಿಗೆ ಆ ಗಳಿಗೆ ಬೆಲ್ಲ ತಿಂದ ಹಾಗಿತ್ತು. ಅಷ್ಟರಲ್ಲಿ ಇಬ್ಬರು ಮೊಬೈಲ್ ತೆಗೆದು ಹಲಗೆಯ ಫೋಟೋ ಹೊಡೆದರು. ಇನ್ನು ಈ ಅಂಕಿ ಎಷ್ಟು ತೋಟಕ್ಕೆ ಹೋಗುತ್ತದೋ ಎಂದು ಅವನಿಗೆ ಆಗ ಹೊಳೆಯಿತು.

ಅವನು ರಸ್ತೆ ದಾಟಿದ. ಆ ಅಂಗಡಿಯ ಮೆಟ್ಟಿಲು ಅದುವರೆಗೆ ತುಳಿದಿರಲಿಲ್ಲ.

"ಒರೆಸಮ್ಮ ಅದನ್ನ."

"ಯಾಕಣ್ಣ?"

"ನಿಂದೇ ಸರಿ. ನನ್ನಲ್ಲಿ ಬಂದಿದ್ದು ಅರವತ್ತೆರಡು. ಸುಳ್ಳು ಹೇಳ್ದೆ."

ಫೋಟೋ ಹೊಡೆದವರು ತಿರುಗಿ ನೋಡಿದರು. ತನುಜಾ ನಗದೆ ಹಲಗೆ ಒರೆಸಿದಳು. "ಮೊದ್ಲು ಕಲ್ಲೇಶಣ್ಣಂಗೆ ಹೇಳಿ," ಎಂದು ತನ್ನ ಫೋನನ್ನೇ ಕೊಟ್ಟಳು.

"ಪೈಪು ತೆಗೀಬೇಡ ಮಾರಾಯ. ಇಂಚು ಆಗಿಲ್ಲ."

"ಯಾಕೆ, ಗ್ಲಾಸ್ ಒಡೆದಿತ್ತಾ?"

"ಗ್ಲಾಸ್ ಸರಿ ಇತ್ತು. ನಂಗೇ ಹೊಟ್ಟೆಕಿಚ್ಚು."

ಕಲ್ಲೇಶ ಫೋನ್ ಇಟ್ಟ.

ಕೆರೆಯ ತಳದ ನೀರನ್ನೂ ಎತ್ತಿ ತೋಟಕ್ಕೆ ಹೊಡೆಸಿದ. ಎಂಟೊಂಬತ್ತು ದಿನಕ್ಕೆ ತೋಟ ಬೆಳ್ಳಗೆ ಅರಳಿತು. ಆಮೇಲೆ ಹದಿನೈದು ದಿನ ಬಿಟ್ಟು ಇನ್ನೊಂದು ಸಣ್ಣ ಮಳೆ ಬಂತು. ಬೆಳಿಗ್ಗೆ ಕಲ್ಲೇಶ ಅಂಗಡಿ ಮುಂದೆ ಬೈಕ್ ನಿಲ್ಲಿಸಿದ.

"ಗುರುವಯ್ನೋರೆ, ಎಷ್ಟು ಸೆಂಟು? ಸೇರಿಸ್ದೆ ಹೇಳಿ."

ಪಕ್ಕದ ಹೋಟೆಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

"ಹದಿನೆಂಟು."

ಕಲ್ಲೇಶ ತಲೆಯಾಡಿಸಿ ರಸ್ತೆ ದಾಟಿ ಹೋದ. ಹಲಗೆ ಓದಿ, ಅಲ್ಲಿಂದಲೇ ಕೈ ಎತ್ತಿ, "ಸರಿ ಇದೆ!" ಎಂದು ಕೂಗಿದ.

ಮೂವತ್ತೊಂದು ವರ್ಷ ಗುರುವಯ್ಯನ ಅಂಕಿಯನ್ನು ಯಾರೂ ಇನ್ನೊಂದು ಕಡೆ ತಾಳೆ ನೋಡಿರಲಿಲ್ಲ. ಸರಿ ಇದೆ ಎಂದದ್ದೇ ಅವನಿಗೆ ಉರಿಯಿತು; ತಪ್ಪು ಎಂದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.