ಬಂದೂಕಿಗೆ ಹೆಗಲು ಹೊಂದಿಸುವ ಜೇಬುನ್ನೀಸಾ

ಮುಂಬೈಯ ಜೋಗೇಶ್ವರಿಯ ಸಣ್ಣ ಕಾರ್ಖಾನೆಗಳ ಗಲ್ಲಿಯಲ್ಲಿ ಬೆಳಗಿನ ಆರು ಗಂಟೆಗೆ ಒಂದೇ ಒಂದು ಶಟರ್ ಅರ್ಧ ಎದ್ದಿರುತ್ತದೆ. ಅದರ ಕೆಳಗಿನಿಂದ ಮರದ ಪುಡಿ ಹೊರಗೆ ಬರುತ್ತದೆ, ಹಿಂದೆಯೇ ಬೈಗುಳವೂ ಬರುತ್ತದೆ. ಒಳಗೆ ಐವತ್ತೆರಡರ ಜೇಬುನ್ನೀಸಾ ಅಕ್ರೋಟ್ ಮರದ ತುಂಡೊಂದನ್ನು ಬಿಗಿದಿಟ್ಟು ಅರ ಹಾಕಿ ಉಜ್ಜುತ್ತಿದ್ದಾರೆ. ಎಂಟಕ್ಕೆ ಪಕ್ಕದವರ ತಗಡು ಒತ್ತುವ ಮಷೀನು ಶುರುವಾದರೆ ಇವರ ಮೇಜೂ ಕುಣಿಯುತ್ತದೆ. ನಾಜೂಕಿನ ಕೆಲಸವೆಲ್ಲ ಅಷ್ಟರೊಳಗೆ ಮುಗಿಯಬೇಕು.

"ಗಿರಾಕಿಗೆ ಅರ್ಜೆಂಟ್. ಆಫೀಸಿನ ಸಾಹೇಬ್ರಿಗೆ ಅರ್ಜೆಂಟ್ ಇಲ್ಲ. ಕಟಿಗಿಗಂತೂ ಮೊದ್ಲ ಇಲ್ಲ. ನಡಬರಕ ನಾ ಸಿಕ್ಕೊಂಡೀನಿ ನೋಡ್ರಿ" ಎನ್ನುತ್ತಾರೆ, ಅರ ನಿಲ್ಲಿಸದೆ.

ಅವರು ಮಾಡುವುದು ಕುಂದಾ. ಬೆಳಗಾವಿಯಲ್ಲಿ ಪೊಟ್ಟಣ ಕಟ್ಟಿಕೊಡುವ ಕುಂದಾ ಎಂದುಕೊಂಡು ಬಾಯಲ್ಲಿ ನೀರೂರಿಸಿಕೊಳ್ಳಬೇಡಿ. ಬಂದೂಕಿನ ಹಿಂಬದಿಯಲ್ಲಿ ಹೆಗಲಿಗೆ ಒರಗುವ ಮರದ ಭಾಗಕ್ಕೂ ಇಲ್ಲಿ ಅದೇ ಹೆಸರು. ಅಂಗಡಿ ಮೈದುನ ಫಿರೋಜನದು, ಬಂದೂಕು ರಿಪೇರಿಯ ಲೈಸೆನ್ಸೂ ಅವನದೇ. ಕಬ್ಬಿಣದ ಕೆಲಸ ಅವನಿಗೆ, ಮರದ್ದು ಅತ್ತಿಗೆಗೆ. ಬ್ಯಾಂಕು, ಚಿನ್ನದಂಗಡಿಗಳ ಮುಂದೆ ನಿಲ್ಲುವ ಕಾವಲುಗಾರರ ಬಂದೂಕುಗಳು ತಿಂಗಳಿಗೆ ನಾಲ್ಕೈದಾದರೂ ಅವರ ಕೈಗೆ ಬರುತ್ತವೆ. ಬಂದೂಕು ಹೊತ್ತು ನಿಂತವನ ಫೋಟೋ ಪೇಪರಿನಲ್ಲಿ ಬರುತ್ತದೆ, ಮರ ಕೆತ್ತಿದವರನ್ನು ಕೇಳುವವರಿಲ್ಲ.

ತಾಳಿಕೋಟಿಯಿಂದ ಮದುವೆಯಾಗಿ ಈ ಊರಿಗೆ ಬಂದಾಗ ಜೇಬುನ್ನೀಸಾಗೆ ಬಂದೂಕಿನ ತಲೆಬುಡ ಗೊತ್ತಿರಲಿಲ್ಲ. ಗಂಡ ಲಾಲಸಾಬ ಆಸ್ಪತ್ರೆಯೊಂದರ ಎದುರು ಕುಳಿತು ಕಂಕುಳಿಗೆ ಕೊಡುವ ಊರುಗೋಲು ಮಾಡುತ್ತಿದ್ದರು. ಕೆಲಸ ಕಲಿತದ್ದು ಅವರ ಪಕ್ಕದಲ್ಲೇ. ಅಷ್ಟರಲ್ಲಿ ಅಲ್ಯೂಮಿನಿಯಂ ಕೋಲುಗಳು ಬಂದವು, ಮರದ್ದನ್ನು ಕೇಳುವವರು ಇಲ್ಲವಾದರು. ಎಂಟು ವರ್ಷದ ಹಿಂದೆ ಲಾಲಸಾಬರೂ ತೀರಿಕೊಂಡರು. ಆಗ ಫಿರೋಜ ಅಳುಕುತ್ತಲೇ ಒಂದು ಸೀಳಿದ ಕುಂದಾ ತಂದು ಮುಂದಿಟ್ಟ.

"ನಾ ಹೆದರಲಿಲ್ರೀ. ಊರಗೋಲೂ ಹೆಗಲಿನ ಲೆಕ್ಕಾನ, ಇದೂ ಹೆಗಲಿನ ಲೆಕ್ಕಾನ. ಅದು ಬೀಳವ್ನನ್ನ ಹಿಡೀತೈತಿ, ಇದು ನಿಂತವ್ನನ್ನ. ಅಷ್ಟ ಫರಕ್."

ಹೆದರಿಕೆಯೇನೋ ಆಗಲಿಲ್ಲ, ತಲೆ ಕೆಡುವುದು ಮಾತ್ರ ತಪ್ಪಲಿಲ್ಲ. ಈಚೆಗೆ ಮೇಜಿನ ಮೇಲೆ ಬಂದಿದ್ದ ಒಂದು ಕೆಲಸವನ್ನೇ ನೋಡಿ. ಬಂದೂಕಿನ ಯಜಮಾನ ಅಣವೀರಪ್ಪ, ಆಳಂದದ ಕಡೆಯವರು, ಸೈನ್ಯದಿಂದ ನಿವೃತ್ತರು. ಹನ್ನೊಂದು ವರ್ಷ ಬೇರೊಂದು ರಾಜ್ಯದಲ್ಲಿ ಕಾವಲು ಕೆಲಸ ಮಾಡಿ, ಕಂಪನಿ ವರ್ಗ ಮಾಡಿತೆಂದು ಈ ವರ್ಷ ಕಾಂದಿವಲಿಯ ಚಿನ್ನದಂಗಡಿಯೊಂದರ ಬಾಗಿಲಿಗೆ ಬಂದಿದ್ದಾರೆ. ಅವರ ರೈಫಲ್ಲಿಗೆ ಮೊದಲು ಹೆಬ್ಬೆರಳು ತೂರಿಸಿ ಹಿಡಿಯುವ ಕಿಂಡಿಯ ಕುಂದಾ ಇತ್ತು. ಅಲ್ಲಿಯ ಅಧಿಕಾರಿಯೊಬ್ಬರ ಕಣ್ಣಿಗೆ ಅದು ಯುದ್ಧದ ಸಾಮಾನಿನಂತೆ ಕಂಡಿತು. ಅದನ್ನು ಕತ್ತರಿಸಿ, ಸಾದಾ ಕುಂದಾ ಹಾಕಿಸಿದರೆ ಮಾತ್ರ ಲೈಸೆನ್ಸು ಎಂದರು. ಅಣವೀರಪ್ಪ ತಮ್ಮ ಕೈಯಾರೆ ಅದನ್ನು ಎರಡು ತುಂಡು ಮಾಡಿದರು, ಎಸೆಯಲು ಮಾತ್ರ ಮನಸ್ಸು ಬರಲಿಲ್ಲ.

ಮುಂಬೈಯ ಲೈಸೆನ್ಸ್ ಕಚೇರಿ ಅಂಥ ಷರತ್ತೇನೂ ನಮ್ಮಲ್ಲಿಲ್ಲ ಎಂದದ್ದೇ ತಡ, ಟವೆಲ್ಲಿನಲ್ಲಿ ಎರಡು ತುಂಡು ಸುತ್ತಿಕೊಂಡು ಲೋಕಲ್ ಹತ್ತಿ ಜೋಗೇಶ್ವರಿಗೆ ಓಡಿ ಬಂದರು.

"ಹನ್ನೊಂದ ವರ್ಷ ಮಂದಿ ಚಪ್ಪಲಿ ಮೆಟ್ಟಿ ತಿರಗ್ಯಾಡಿದಂಗ ಆಗೇತಿ ಅಕ್ಕಾ. ನನ್ನ ಮೊದಲಿನ ಕುಂದಾ ನನಗ ವಾಪಸ್ ಮಾಡಿಕೊಡ್ರಿ" ಎಂದು ಕೈಮುಗಿದರು.

ಅವಸರಕ್ಕೆ ಕಾರಣವಿತ್ತು. ಕಂಪನಿಯ ವಾರ್ಷಿಕ ಗುರಿ ಪರೀಕ್ಷೆ ಹತ್ತಿರ ಬಂದಿತ್ತು. ಗುರಿ ತಪ್ಪಿದರೆ ಬಂದೂಕಿನ ಡ್ಯೂಟಿ ಹೋಗಿ, ಯಾವುದೋ ಬಿಲ್ಡಿಂಗಿನಲ್ಲಿ ಕಾರುಗಳಿಗೆ ಗೇಟು ತೆಗೆಯುವ ಡ್ಯೂಟಿ. ಮೂವತ್ತು ವರ್ಷ ಬಂದೂಕು ಹಿಡಿದ ಮನುಷ್ಯನಿಗೆ ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ.

ಅಲ್ಲಿಂದ ಶುರುವಾಯಿತು ಪಡಿಪಾಟಲು. ಹೊಸ ಕುಂದಾ ಹಾಕಿದ ಬಂದೂಕಿನ ಫೋಟೋ ತಂದರೆ ಅನುಮತಿ ಎಂದಿತು ಕಚೇರಿ. ಅನುಮತಿ ತಂದರೆ ಕುಂದಾ ಎಂದ ಫಿರೋಜ, ಅವನಿಗೆ ಅವನ ಲೈಸೆನ್ಸಿನ ಚಿಂತೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಜೇಬುನ್ನೀಸಾ ಮಾತ್ರ ಎರಡು ತುಂಡುಗಳನ್ನು ಜೋಡಿಸಿ, ಅಳತೆ ತೆಗೆದು, ಮರ ಕೆತ್ತುತ್ತಲೇ ಇದ್ದರು. ಕಚೇರಿಗೆ ಅಲೆದು ಅಲೆದು ಅಣವೀರಪ್ಪನವರ ಬೂಟು ಸವೆದ ಮೇಲೆ ಯಾರೋ ಒಬ್ಬ ಪುಣ್ಯಾತ್ಮರು ಕೈಯಲ್ಲಿ ಬರೆದ ಚಿತ್ರವೇ ಸಾಕೆಂದು ಒಪ್ಪಿ ಸಹಿ ಹಾಕಿದರು. "ಈ ಬುದ್ಧಿ ಮೊದ್ಲ ದಿನಾ ಬಂದಿದ್ರ ಏನಾಗ್ತಿತ್ತು?" ಎಂದು ಜೇಬುನ್ನೀಸಾ ಇಂದಿಗೂ ಗೊಣಗುತ್ತಾರೆ.

ಸಾದಾ ಕುಂದಾ ಬಿಚ್ಚಿ ಅಣವೀರಪ್ಪನವರ ಚೀಲ ಸೇರಿತು, ಅದರ ಜಾಗದಲ್ಲಿ ಹೊಸ ಕುಂದಾ ಕೂತಿತು. ಹಳೆಯದರ ಪಡಿಯಚ್ಚು. ಅಣವೀರಪ್ಪನವರ ಕಣ್ಣು ತುಂಬಿ ಬಂತು. ಗುಂಡಿಲ್ಲದ ಬಂದೂಕು ಎತ್ತಿ ಗೋಡೆಯ ಸುಣ್ಣದ ಗುರುತಿಗೆ ಹಿಡಿದರು. ನಳಿಗೆ ಬಲಕ್ಕೆ ಜಾರಿತು. ಮತ್ತೆ ಹಿಡಿದರು, ಮತ್ತೆ ಬಲಕ್ಕೆ. ತಪ್ಪು ಮರದ್ದೇ ಎಂದುಕೊಂಡು ಜೇಬುನ್ನೀಸಾ ಒಂದಿಷ್ಟು ಕೆರೆದರು. ಮರುದಿನ ಇನ್ನಷ್ಟು ಕೆರೆದರು. ಮೂರನೆಯ ದಿನವೂ ನಳಿಗೆ ಬಲಕ್ಕೇ ಹೋದಾಗ ಅರ ಎತ್ತಿ ಮೂಲೆಗೆ ಎಸೆದರು. ಪರೀಕ್ಷೆಗೆ ಉಳಿದದ್ದು ನಾಲ್ಕೇ ದಿನ.

ಊರುಗೋಲು ಕೊಡುವಾಗ ಲಾಲಸಾಬರು ಗಿರಾಕಿಯ ಕಣ್ಣು ಮುಚ್ಚಿಸಿ ನಿಲ್ಲಿಸುತ್ತಿದ್ದರಂತೆ. ನೋಡಿ ನಿಂತವನು ಕೋಲಿಗೆ ತಕ್ಕಂತೆ ಮೈ ಬಗ್ಗಿಸುತ್ತಾನೆ, ನೋಡದೆ ನಿಂತವನು ತನ್ನ ಮೈಯಂತೆ ನಿಲ್ಲುತ್ತಾನೆ. ಅದು ನೆನಪಾಗಿ ಜೇಬುನ್ನೀಸಾ ಅಣವೀರಪ್ಪನವರ ಕಣ್ಣಿಗೆ ಟವೆಲ್ ಕಟ್ಟಿಸಿದರು. "ಈಗ ಎತ್ರಿ ಅಣ್ಣಾರ."

ಎತ್ತಿದರು. ಹೆಬ್ಬೆರಳು ಕಿಂಡಿಯ ಕಡೆ ಹೋಗಲೇ ಇಲ್ಲ. ಸಾದಾ ಕುಂದಾದ ಮೇಲೆ ಎಲ್ಲಿ ಮಲಗುತ್ತಿತ್ತೋ ಅಲ್ಲಿಗೇ ಹೋಗಿ ಮಲಗಿತು. ಕತ್ತೂ ಸಾದಾ ಕುಂದಾಕ್ಕೆ ಬೇಕಾದಷ್ಟೇ ಬಾಗಿತು. ಮಂದಿಯ ಚಪ್ಪಲಿ ಎಂದು ಬೈದುಕೊಂಡೇ ನಡೆದ ಕಾಲಿಗೆ ಅದೇ ಒಗ್ಗಿಹೋಗಿತ್ತು.

ಜೇಬುನ್ನೀಸಾ ಹಣೆ ಹಣೆ ಬಡಿದುಕೊಂಡರು. ಆ ರಾಜ್ಯವನ್ನು ಬೈದರು, ಈ ಕಚೇರಿಯನ್ನು ಬೈದರು, ಕೊನೆಗೆ ತಮ್ಮನ್ನೇ ಬೈದುಕೊಂಡರು. "ಮುರದ ಕಟಿಗಿ ಅಳತಿ ತಗೊಂಡ್ನಿ, ಮನಷ್ಯಾನ ಅಳತಿ ತಗೊಳ್ಳಿಲ್ಲ. ಲಾಲಸಾಬ ಇದ್ದಿದ್ರ ನನ್ನ ಓಡಿಸಿಬಿಡ್ತಿದ್ರು."

ಅಣವೀರಪ್ಪ ಕಣ್ಣಿನ ಟವೆಲ್ ಬಿಚ್ಚಿ ಸ್ಟೂಲಿನ ಮೇಲೆ ಕೂತರು. "ಆ ಸಾದಾ ಕುಂದಾನ ಮತ್ತ ಹಾಕಿಬಿಡ್ರಿ ಅಕ್ಕಾ" ಎಂದರು. "ನನಗ ನಾಚಿಕಿ ಆಗಾಕತ್ತೈತಿ."

"ನಾಚಿಕಿ ಯಾಕ? ಹನ್ನೊಂದ ವರ್ಷ ನಿಮ್ಮ ಹೊಟ್ಟಿ ತುಂಬಿಸಿದ್ದು ಅದ. ಎಸೀಲಿಲ್ಲ ಅನ್ನೂದ ನಮ್ಮ ಪುಣ್ಯ. ತಗೀರಿ ಹೊರಗ!"

ಸಾದಾ ಕುಂದಾಕ್ಕೂ ಮತ್ತೆ ಕಾಗದ ಬೇಕೇನೋ ಎಂದು ಫಿರೋಜ ರಾಗ ಎಳೆದ. ಭಾಭಿಯ ಮುಖ ನೋಡಿ ತಾನೇ ಕಚೇರಿಗೆ ಹೋಗಿ ಕೇಳಿಕೊಂಡು ಬಂದ. ಹೊಸದಕ್ಕೆ ಅನುಮತಿ ಎಂದರೆ ಅದನ್ನೇ ಹಾಕಬೇಕೆಂಬ ಅಪ್ಪಣೆಯಲ್ಲ, ಲೈಸೆನ್ಸಿನಲ್ಲಿ ಮೊದಲೇ ಇದ್ದದ್ದನ್ನು ಹಾಕಿಕೊಳ್ಳಬಹುದು ಎಂದರಂತೆ. ಅಲ್ಲಿಯವರೆಗೆ ಆ ಸಾದಾ ಕುಂದಾವನ್ನು ಇವರ ಮೈಗೆಂದು ಯಾರೂ ತಿದ್ದಿರಲಿಲ್ಲ. ಜೇಬುನ್ನೀಸಾ ಮೊದಲ ಸಲ ಮೊಣಕೈಯಿಂದ ಬೆರಳಿನವರೆಗೆ ಅಳೆದು, ಕೆನ್ನೆ ಒರಗುವಲ್ಲಿ ಒಂದಿಷ್ಟು ತಗ್ಗು ಮಾಡಿ, ಹಿಂಬದಿಗೆ ಬೆರಳಗಲ ಚರ್ಮ ಹಚ್ಚಿದರು. ಮತ್ತೆ ಟವೆಲ್ ಕಟ್ಟಿ ಎತ್ತಿಸಿದರು. ನಳಿಗೆ ಗುರುತಿಗೆ ಹೋಗಿ ನಿಂತಿತು.

ಪರೀಕ್ಷೆಯ ದಿನ ಮಧ್ಯಾಹ್ನದವರೆಗೆ ಜೇಬುನ್ನೀಸಾ ಒಂದೇ ಮರದ ತುಂಡನ್ನು ಉಜ್ಜುತ್ತ ಕೂತರು. ಊಟದ ಡಬ್ಬಿ ತೆರೆದದ್ದು ತೆರೆದಂತೆಯೇ ಇತ್ತು. ಫೋನು ಬಂದದ್ದು ಎರಡರ ಸುಮಾರಿಗೆ.

"ಉಳಕೊಂಡ್ನಿ ಅಕ್ಕಾ. ಸೋಮವಾರದಿಂದ ಅದ ಬಾಗಲಾ, ಅದ ಡ್ಯೂಟಿ."

"ಆತ್ ಬಿಡ್ರಿ. ಇನ್ನೊಂದ ವರ್ಷ ಈ ಕಡೆ ಹಾಯಬ್ಯಾಡ್ರಿ" ಎಂದು ಗದರಿ ಫೋನ್ ಇಟ್ಟರು. ಆಮೇಲೆ ದುಪಟ್ಟಾದ ತುದಿಯಿಂದ ಕಣ್ಣೊರೆಸಿಕೊಂಡು, ಒಣಗಿದ ರೊಟ್ಟಿಯನ್ನು ರುಚಿಯಾಗಿ ತಿಂದರು.

ಈ ಕೆಲಸದಿಂದ ಇನ್ನೇನು ಬಯಸುತ್ತೀರಿ ಎಂದು ಕೇಳಿದರೆ ಮೊದಲು ನಗುತ್ತಾರೆ. ಆಮೇಲೆ ಮೇಜಿನ ಮೇಲಿನ ಪುಡಿ ಊದಿ ಹೇಳುತ್ತಾರೆ: "ನಾ ತಿದ್ದಿದ ಕುಂದಾ ಈ ಊರಾಗ ಎಷ್ಟೋ ಬಾಗಲಾ ಕಾಯಾಕತ್ತಾವ್ರಿ. ಮನಷ್ಯಾನ ಮ್ಯಾಲ ಒಂದ ಗುಂಡು ಹಾರೇತಿ ಅಂತ ಇನ್ನೂತನಾ ಸುದ್ದಿ ಬಂದಿಲ್ಲ. ಅಣವೀರಪ್ಪಣ್ಣಾರೂ ಹಂಗ ಸುಮ್ನ ನಿಂತು ರಿಟೈರ್ ಆಗ್ಲಿ."