ಹಾಲು ಚೆಲ್ಲುವ ಅಕ್ಕ

ಮೊಮ್ಮಗಳು ದಿನ ತುಂಬುವ ಮೊದಲೇ ಹುಟ್ಟಿದ್ದಳು. ಹೆತ್ತ ಮಗಳು ಜ್ವರದಲ್ಲಿ ಬೇಯುತ್ತಿದ್ದಳು, ಎದೆಹಾಲು ಇಳಿದಿರಲಿಲ್ಲ; ಕೂಸಿಗೆ ಬಾಟಲಿಯ ಪುಡಿಹಾಲೇ ಗತಿಯಾಗಿತ್ತು. ಆಸ್ಪತ್ರೆಯ ಆ ಮಂಚದ ಪಕ್ಕ ಕೂತಿದ್ದಾಗಲೇ ಅಜ್ಜಿಯ ಕಿವಿಗೆ ಆ ಅಕ್ಕನ ಸುದ್ದಿ ಮೊದಲು ಬಿದ್ದದ್ದು.

“ಉಳಿದ ಹಾಲಿನ ಆಸೆ ಬಿಡಿ ಅಜ್ಜೀ, ಚೆಲ್ಲೋ ಅಕ್ಕ ಬರೋ ಹೊತ್ತು,” ಎಂದಳು ಪಕ್ಕದ ಮಂಚದವಳು.

“ಯಾರೇ ಅದು?”

“ಹಾಲಿನ ಕೋಣೆಯವಳು. ಮಕ್ಕಳು ಬಿಟ್ಟ ಪುಡಿಹಾಲನ್ನೆಲ್ಲ ಮೋರಿಗೆ ಸುರೀತಾಳೆ.”

“ಹಾಲನ್ನ ಮೋರಿಗಾ!” ಎಂದಳು ಅಜ್ಜಿ. ಇದ್ದಷ್ಟು ಹಾಲಿಗೆ ನೀರು ಬೆರೆಸಿ ಮಕ್ಕಳನ್ನು ಸಾಕಿದ ಜೀವ ಅದು. ಅಂಗೈಯಗಲದ ಕೂಸು ಎರಡು ಗುಟುಕು ಎಳೆದು ನಿದ್ದೆಹೋಯಿತು. ಅಜ್ಜಿ ಬಾಟಲಿಯನ್ನು ಶಾಲಿನಲ್ಲಿ ಸುತ್ತಿ, ಆರದಿರಲಿ ಎಂದು ಕಂಕುಳಲ್ಲಿ ಅವುಚಿಕೊಂಡು, ಏನೂ ಅರಿಯದವಳ ಹಾಗೆ ಕೂತಳು.

ಬಂದವಳು ಕಡ್ಡಿಯಂಥ ಹೆಂಗಸು. ಬಿಸಿನೀರಿಗೆ ಬೆರಳೆಲ್ಲ ಸುಕ್ಕುಗಟ್ಟಿದ್ದವು.

“ಏನಮ್ಮಾ, ಕಂಕುಳಲ್ಲಿ ಮೊಟ್ಟೆ ಕಾವಿಗಿಟ್ಟಿದೀರಾ?”

“ನನ್ನ ಮೊಮ್ಮಗಳ ಹಾಲು. ಎದ್ದ ಮೇಲೆ ಕುಡೀತಾಳೆ. ನಿನ್ನ ಗಂಟೇನು ಹೋಯ್ತು?”

“ನನ್ನ ಗಂಟಲ್ಲ, ನಿಮ್ಮ ಕೂಸು ಹೋಗುತ್ತೆ.”

“ಬಿಡ್ತು ಅನ್ನು!”

“ಬಿಡ್ತು,” ಎಂದು ಅಕ್ಕ ಮಂಚದ ಅಂಚಿಗೆ ಕೂತಳು. ದನಿ ಇಳಿಯಿತು. “ಡಬ್ಬದ ಪುಡೀಲಿ ಕಣ್ಣಿಗೆ ಕಾಣದ ಕ್ರಿಮಿ ಇರಬಹುದು. ಅದಕ್ಕೇ ಕುದಿಸಿದ ನೀರು ಇನ್ನೂ ಸುಡ್ತಿರುವಾಗಲೇ ಪುಡಿ ಕಲಸಿ, ಆಮೇಲೆ ಆರಿಸಿ ಕೊಡೋದು. ದೊಡ್ಡೋರು ತಡ್ಕೋತೀವಿ. ಇಂಥ ಎಳೇ ಕೂಸಿಗೆ ನಂಜು ಮಿದುಳಿಗೇ ಏರುತ್ತೆ. ಬಾಯಿಟ್ಟು ಬಿಟ್ಟ ಹಾಲು ಬೆಚ್ಚಗೆ ಕೂತ್ರೆ... ನೀವೇ ಹೇಳಿ, ಮೊಸರಿಗೆ ಹೆಪ್ಪು ಹಾಕೋದು ಎಂಥಾ ಹಾಲಿಗೆ?”

“ಉಗುರು ಬೆಚ್ಚಗಿರೋ...” ಅಜ್ಜಿಗೆ ತನ್ನ ಕಂಕುಳ ಬಿಸಿ ಒಮ್ಮೆಲೇ ಚುರ್ರೆಂದಿತು. ಬಾಟಲಿ ತೆಗೆದುಕೊಟ್ಟಳು.

ಅಕ್ಕ ಮುಖ ಆಚೆ ತಿರುಗಿಸಿಕೊಂಡು ತೊಟ್ಟಿಗೆ ಸುರಿದಳು. “ನಂಗೂ ಕರುಳು ಚುರುಕ್ ಅನ್ನುತ್ತೆ ಕಣಮ್ಮ. ಇಷ್ಟು ವರ್ಷ ಆದ್ರೂ ನೋಡ್ಕೊಂಡು ಚೆಲ್ಲೋಕಾಗಲ್ಲ.”

ಮಗಳ ಜ್ವರ ಬಿಟ್ಟಿತು. ಕೂಸು ಮೈ ತುಂಬಿಕೊಂಡು ಮನೆಗೆ ಬಂತು. ರಜೆ ಸಿಕ್ಕಾಗಲೆಲ್ಲ ಅಕ್ಕ ಬಾಗಿಲಲ್ಲಿ ಹಾಜರು. ಮೊದಮೊದಲು, ಪುಡಿ ಕಲಸುವ ನೀರು ಸುಡುತ್ತಿದೆಯೇ ಎಂದು ಕೆಟಲ್ ಮುಟ್ಟಿ ನೋಡುವುದಕ್ಕೆ. “ಅತ್ತೆ ಇಲ್ಲದ ಕೊರತೆ ನೀಗಿಸಿದೆಯಲ್ಲೇ!” ಎಂದು ಅಜ್ಜಿ ಮೂತಿ ತಿರುವುತ್ತಿದ್ದಳು. ಆಮೇಲೆ ಬರೀ ಹರಟೆಗೆ.

ಮೊಮ್ಮಗಳು ಎರಡು ಜಡೆ ಹಾಕಿಸಿಕೊಳ್ಳುವ ಹೊತ್ತಿಗೆ ಅಕ್ಕ ಹಾಸಿಗೆ ಹಿಡಿದಳು. ಅಜ್ಜಿ ದಿನವೂ ಹೋಗಿ, ಹಾಲು ಕಾಯಿಸಿ, ತಲೆ ಎತ್ತಿ ಹಿಡಿದು ಕುಡಿಸುತ್ತಿದ್ದಳು. ಅವತ್ತು ಅಕ್ಕ ಎರಡು ಗುಟುಕಿಗೇ ಸಾಕೆಂದಳು. ಅಜ್ಜಿ ರೂಢಿಯಂತೆ ಲೋಟ ಹಿಡಿದು ತೊಟ್ಟಿಯ ಕಡೆ ನಡೆದಳು, ಮುಖ ಆಚೆ ತಿರುಗಿಸಿಕೊಂಡು.

ಹಿಂದಿನಿಂದ ಸಣ್ಣ ದನಿ ಕೇಳಿತು.

“ಚೆಲ್ಲಬೇಡ ಕಣೇ. ನಾವಿಬ್ರೂ ದೊಡ್ಡೋರೇ ಅಲ್ವಾ? ಉಳಿದಿದ್ದು ನೀನು ಕುಡಿ. ನಾನು ನೋಡ್ಬೇಕು.”